ಕಾಶೆವ್ವ ಕೊಂಡ ಕೂಸು

ಯಮಕನಮರಡಿಯ ಸತ್ತೆಪ್ಪನ ಹೆಂಡತಿ ಗೌರಕ್ಕ ಮೂರನೆಯ ಸಲ ಹೆತ್ತಾಗ ಹೊರಗೆ ಶ್ರಾವಣದ ಮಳೆ ಜಿಟಿಜಿಟಿ ಹಿಡಿದಿತ್ತು. ಗಂಡು. ಬಣ್ಣ ಕಪ್ಪು, ಗಂಟಲು ದೊಡ್ಡದು. ಸೂಲಗಿತ್ತಿ ಹೊಕ್ಕಳಬಳ್ಳಿ ಕೊಯ್ಯುವ ಮುಂಚೆಯೇ ಅದು ಕಿರುಚಿಕೊಂಡ ಕೂಗು ದೊಡ್ಡ ರಸ್ತೆಯವರೆಗೆ ಕೇಳಿಸಿತು. ಅಲ್ಲಿ ಚಕ್ಕಡಿ ಹೂಡುತ್ತಿದ್ದ ಸತ್ತೆಪ್ಪ ಎತ್ತಿನ ಹಗ್ಗವನ್ನು ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಓಡಿಬಂದ. ಹಗ್ಗದ ಇನ್ನೊಂದು ತುದಿಯಲ್ಲಿ ಎತ್ತೂ ಬಂತು. ಅವನ ತಾಯಿ ಮುದಕವ್ವ ಹೊಸ್ತಿಲಿನಲ್ಲೇ ತಡೆದು, ಮಗನನ್ನೂ ಎತ್ತನ್ನೂ ಒಟ್ಟಿಗೇ ಬೈದು ಹೊರಗೆ ಹಾಕಿದಳು.

ಗೌರಕ್ಕ ಮಾತ್ರ ಕೂಸಿನ ಮುಖ ನೋಡಲಿಲ್ಲ. ಅದನ್ನು ಮಗ್ಗುಲಿಗೆ ಮಲಗಿಸಿದಾಗ ಗೋಡೆಯ ಕಡೆಗೆ ಹೊರಳಿದಳು. ನೋಡಬೇಕೆಂಬ ಆಸೆ ಹೊಟ್ಟೆಯೊಳಗೆ ಉರಿಯುತ್ತಿತ್ತು. ಅಂಜಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಅಂಜಲು ಕಾರಣವಿತ್ತು. ಕಣಗಲಾದಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಗೌರಕ್ಕ ಬಾಯಿ ತುಂಬ ನಗುವ, ಬಾಯಿ ತುಂಬ ಮಾತಾಡುವ ಹುಡುಗಿ. ಮೊದಲ ಹೆಣ್ಣುಕೂಸು ಹುಟ್ಟಿದಾಗ ಅದನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಗೆ ಕುಳಿತು, ಹೋಗುವವರಿಗೆ ಬರುವವರಿಗೆಲ್ಲ "ನನ್ನ ಬಂಗಾರ ನೋಡ್ರಿ, ನನ್ನ ಮುತ್ತು ನೋಡ್ರಿ" ಎಂದು ತೋರಿಸುತ್ತಿದ್ದಳು. ಹಲ್ಲು ಮೂಡುವ ಮುಂಚೆಯೇ ಅದು ಹೋಯಿತು. ಎರಡನೆಯದು ಗಂಡು. ಅದನ್ನೂ ಬಾಣಂತಿ ಕೋಣೆಯಲ್ಲೇ ಹಾಗೆಯೇ ಮುದ್ದಾಡಿದಳು. ಅದು ಹೆಸರಿಡುವವರೆಗೂ ಉಳಿಯಲಿಲ್ಲ. ಅದನ್ನು ಮಣ್ಣು ಮಾಡಿ ಬಂದ ದಿನ ಮುದಕವ್ವ ಸೊಸೆಯ ಮುಖಕ್ಕೇ ಅಂದುಬಿಟ್ಟಿದ್ದಳು:

"ತಾಯಿ ಕಣ್ಣ ಕೆಟ್ಟದ್ದು. ನಂದು ನಂದು ಅಂತ ನೀನ ತಿಂದಿ ಅವನ್ನ."

ಆಡಿದವಳು ಮರುದಿನ ರೊಟ್ಟಿ ಬಡಿಯುತ್ತ ಸುಮ್ಮನಾದಳು. ಕೇಳಿದವಳಿಗೆ ಸುಮ್ಮನಾಗಲು ಆಗಲಿಲ್ಲ. ಆ ಮಾತು ಗೌರಕ್ಕನ ಎದೆಯಲ್ಲಿ ಮನೆ ಮಾಡಿಕೊಂಡು ಕುಳಿತಿತು. ಎರಡು ಕೂಸುಗಳನ್ನು ತಾನೇ ತಿಂದೆ, ಪ್ರೀತಿಯಿಂದಲೇ ತಿಂದೆ ಎಂದು ಅವಳು ನಿಜವಾಗಿಯೂ ನಂಬಿದ್ದಳು.

ಈ ಸಲ ಮುದಕವ್ವ ಹಿಂದು ಮುಂದು ನೋಡುವವಳಿರಲಿಲ್ಲ. ಐದನೆಯ ದಿನ ಕತ್ತಲಾದ ಮೇಲೆ ಸಟವಿ ಎಂಬ ದೇವತೆ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಎಂಬುದು ಆ ಕಡೆಯ ನಂಬಿಕೆ. ಮುದಕವ್ವನ ಯೋಚನೆ ಸರಳವಾಗಿತ್ತು. ಸಟವಿ ಬರುವ ಹೊತ್ತಿಗೆ ಕೂಸು ಬೇರೆಯವರದಾಗಿದ್ದರೆ ಅವಳು ಬೇರೆಯವರ ಪಾಲಿನ ಹಣೆಬರಹ ಬರೆದು ಹೋಗುತ್ತಾಳೆ. ಹಾಗಾದರೆ ಆ ಬೇರೆಯವರು ಪಾಲು ಚೆನ್ನಾಗಿರುವವರೇ ಆಗಬೇಕು. ಅದಕ್ಕೆ ದೂರ ಹೋಗಬೇಕಾಗಿರಲಿಲ್ಲ. ಹಿತ್ತಲ ಗೋಡೆಯ ಆಚೆಗೇ ಕಾಶೆವ್ವನ ಮನೆ. ಕಾಶೆವ್ವ ಹೆತ್ತದ್ದೆಲ್ಲ ಗಟ್ಟಿಯಾಗಿ ಉಳಿದಿತ್ತು. ಅವಳ ಅಂಗಳದಲ್ಲಿ ಕಾಲಿಟ್ಟರೆ ಒಂದಲ್ಲ ಒಂದು ಕೂಸನ್ನು ತುಳಿಯುವ ಭಯ. ತೊಡೆಯ ಮೇಲೆ ಮೂರು ತಿಂಗಳ ಹೆಣ್ಣೊಂದು, ಬಾಳವ್ವ ಎಂದು ಅದರ ಹೆಸರು, ಬೆಣ್ಣೆ ಮುದ್ದೆಯ ಹಾಗೆ ಇತ್ತು.

ಐದನೆಯ ದಿನ ಮಧ್ಯಾಹ್ನ ಮಳೆ ಸ್ವಲ್ಪ ನಿಂತಿತು. ಮುದಕವ್ವ ಕೂಸನ್ನು ಕೌದಿಯ ತುಂಡಿನಲ್ಲಿ ಸುತ್ತಿ, ಮೊರದಲ್ಲಿ ಮಲಗಿಸಿ, ಹಿತ್ತಲ ಬಾಗಿಲಿನಿಂದ ಒಯ್ದು ತಿಪ್ಪೆಯ ಪಕ್ಕದಲ್ಲಿಟ್ಟಳು. ಕಾಶೆವ್ವ ಸೆರಗಿನಲ್ಲಿ ತವಡು ಕಟ್ಟಿಕೊಂಡು ಬಂದಳು. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರೂ ಏನೂ ಗೊತ್ತಿಲ್ಲದವರ ಹಾಗೆ ನಿಂತರು.

"ಯಾರದವಾ ಈ ಕೂಸು?" ಎಂದಳು ಕಾಶೆವ್ವ.

"ಯಾರದೂ ಅಲ್ಲ. ತಿಪ್ಪಿ ಬಾಜೂಕ ಬಿದ್ದೈತಿ. ಬೇಕಾದ್ರ ಒಯ್ಯಿ."

"ಚಲೋದೈತೇನ?"

"ಎಲ್ಲೀದ ಚಲೋದು? ಕರೀ ಹೆಗ್ಗಣ ಆಗೇತಿ."

"ಹಂಗಾದ್ರ ತವಡ ಸಾಕು ಬಿಡು," ಎಂದು ಕಾಶೆವ್ವ ಮುದಕವ್ವನ ಸೆರಗಿಗೆ ತವಡು ಸುರಿದು ಕೂಸನ್ನು ಎತ್ತಿಕೊಂಡಳು. ಆಮೇಲೆ ಮುಂದಿನ ಬಾಗಿಲಿನಿಂದ ಒಳಗೆ ಬಂದು, ಬಾಣಂತಿಯ ಹೊರಸಿನ ಮೇಲೆ ಕುಳಿತಿದ್ದ ಗೌರಕ್ಕನ ತೊಡೆಗೆ ಅದನ್ನು ಹಾಕಿದಳು. "ಗೌರಾ, ನನಗ ಮನೀ ತುಂಬ ಅದಾವು. ಈ ನನ್ನ ಕೂಸಿಗೆ ನೀನ ಮೊಲಿ ಕೊಟ್ಟು ಜ್ವಾಪಾನ ಮಾಡವಾ. ನಿನಗ ಪುಣ್ಯಾ ಬರ್ತೈತಿ."

ಹೀಗೆ ಗೌರಕ್ಕ ತಾನು ಹೆತ್ತ ಮಗನಿಗೆ ಹಾಲು ಕುಡಿಸುವ ಆಳಾದಳು. ಯುಗಾದಿ ಮುಗಿದು ಜವಳ ತೆಗೆಸುವ ದಿನ, ಎಂದರೆ ಹುಟ್ಟುಗೂದಲು ಬೋಳಿಸುವ ದಿನ, ಕಾಶೆವ್ವನಿಂದ ಅದನ್ನು ಮರಳಿ ಪಡೆಯಬೇಕು. ಅಲ್ಲಿಯವರೆಗೆ ಯಾರು ಕೇಳಿದರೂ "ಕಾಶೆವ್ವನ ಕೂಸು" ಎನ್ನಬೇಕು. 'ನನ್ನ' ಎಂಬ ಮಾತು ತಾಯಿಯ ಬಾಯಿಂದ ಬರಬಾರದು. ಮುದ್ದು ಮಾತಂತೂ ಕೂಡದೇ ಕೂಡದು. ಆಡಿದರೆ ಮಾಡಿದ್ದೆಲ್ಲ ನೀರಿನ ಪಾಲು.

ಕೊಂಡವಳಿಗೇ ಹೆಸರಿಡುವ ಹಕ್ಕು ತಾನೇ? ಕಾಶೆವ್ವ ತೊಟ್ಟಿಲಿಗೆ ಹಾಕಿ ಕಾಡಪ್ಪ ಎಂದು ಕರೆದಳು. ಕಾಡಿನಿಂದ ಬಂದದ್ದು, ಯಾರಿಗೂ ಬೇಡವಾದದ್ದು ಎಂದು ಅದರ ಅರ್ಥ. ಸತ್ತೆಪ್ಪ ಮೂಲೆಯಲ್ಲಿ ನಿಂತು, "ಕಾಡಿಂದ ಬಂದದ್ದೋ, ನಮ್ಮನ್ನ ಕಾಡಾಕ ಬಂದದ್ದೋ?" ಎಂದ.

ಅವನು ಹೇಳಿದ್ದೇ ಖರೆಯಾಯಿತು. ಕಾಡಪ್ಪ ಹಗಲು ಮಲಗುತ್ತಿದ್ದ. ದೀಪ ಹಚ್ಚುವ ಹೊತ್ತಾಯಿತೆಂದರೆ ಶುರು. ಕಾಲು ಹೊಟ್ಟೆಗೆ ಮಡಚಿಕೊಂಡು, ಮುಷ್ಟಿ ಬಿಗಿ ಹಿಡಿದು, ಮುಖ ಬದನೆಕಾಯಿ ಬಣ್ಣಕ್ಕೆ ತಿರುಗುವವರೆಗೆ ಅಳುತ್ತಿದ್ದ. ಬಜೆ ತೇಯ್ದು ನೆಕ್ಕಿಸಿದರು. ಹೊಟ್ಟೆಗೆ ಹರಳೆಣ್ಣೆ ಸವರಿ ಬಿಸಿ ಎಲೆ ಇಟ್ಟರು. ಲೋಬಾನದ ಹೊಗೆ ಹಾಕಿದರು, ಹೊಗೆಗೆ ಮನೆಯವರೆಲ್ಲ ಕೆಮ್ಮಿದರೇ ಹೊರತು ಕೂಸು ಸುಮ್ಮನಾಗಲಿಲ್ಲ. ಗೌರಕ್ಕನ ಊಟದಿಂದ ಒಂದೊಂದೇ ಪದಾರ್ಥವನ್ನು ಮುದಕವ್ವ ತೆಗೆಯುತ್ತ ಬಂದಳು. ಬದನೆ ಹೋಯಿತು, ಅವರೆ ಹೋಯಿತು, ಬೇಳೆ ಹೋಯಿತು. ಕೊನೆಗೆ ಉಳಿದದ್ದು ಬಿಸಿ ರೊಟ್ಟಿ, ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಮತ್ತು ಅಂಟಿನ ಉಂಡೆ. ಅದನ್ನೇ ತಿಂದು ತಿಂದು ಗೌರಕ್ಕನಿಗೆ ಸಬ್ಬಸಿಗೆಯ ವಾಸನೆ ಬಂದರೆ ಹೊಟ್ಟೆ ತೊಳಸುತ್ತಿತ್ತು.

ಇನ್ನು ಬಟ್ಟೆಯ ಪಾಡು. ಹಳೆಯ ಸೀರೆ, ಹಳೆಯ ಧೋತರ ಎಲ್ಲ ಹರಿದು ಅರಿವೆ ಮಾಡಿದ್ದರು. ಕಾಡಪ್ಪನ ವೇಗಕ್ಕೆ ಅವು ಸಾಲುತ್ತಿರಲಿಲ್ಲ. ಆ ಮಳೆಯಲ್ಲಿ ಒಣಗುವುದಾದರೂ ಹೇಗೆ? ಕೆಂಡದ ಅಗ್ಗಿಷ್ಟಿಕೆಯ ಮೇಲೆ ಬಿದಿರಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೇಲೆ ಅರಿವೆ ಹರವಿ, ಅವು ಸುಡದ ಹಾಗೆ ಕಾಯುತ್ತ ಕೂಡಬೇಕು. ತೂಕಡಿಸಿದರೆ ಅರಿವೆ ಹೊತ್ತುತ್ತಿತ್ತು. ಗೌರಕ್ಕ ಎರಡು ಸಲ ಹೊತ್ತಿಸಿದಳು. ಮೂರನೆಯ ಸಲ ಹೊತ್ತಿಸಿದ್ದು ಮುದಕವ್ವನೇ, ಆದರೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಕೂಸಿನ ಸ್ನಾನ ಮಾತ್ರ ಮುದಕವ್ವನದೇ. ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಮೊಣಕಾಲಿನ ಕೆಳಗೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಹೊಯ್ಯುತ್ತಿದ್ದಳು. ಆಗ ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. "ಗಾಳಿ ಬರ್ತೈತಿ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆ ಹೊತ್ತಿನಲ್ಲಿ ಗೌರಕ್ಕನಿಗೆ ಒಂದು ಚೂರು ನಿದ್ದೆ ಸಿಗುತ್ತಿತ್ತು. ಅದು ಕೂಡ ಪೂರ್ತಿ ನಿದ್ದೆಯಲ್ಲ. ಕಿವಿ ಬಚ್ಚಲ ಕಡೆಗೇ ಇರುತ್ತಿತ್ತು.

ಸಂಜೆಯ ಅಳುವಿಗೆ ಮದ್ದು ಕಂಡುಹಿಡಿದವನು ಸತ್ತೆಪ್ಪ. ಅವನದು ಬೆಲ್ಲದ ಬಾಗೇವಾಡಿಯಿಂದ ಸಂಕೇಶ್ವರದ ಪೇಟೆಗೆ ಬೆಲ್ಲ ಹೇರುವ ಚಕ್ಕಡಿ. ಒಂದು ದಿನ ಅಂಗಳದಲ್ಲಿ ಎತ್ತು ಬಿಚ್ಚುವಾಗ ಅಭ್ಯಾಸಬಲದಿಂದ ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ "ಟ್ಲಕ್ ಟ್ಲಕ್, ಹೋ ರಾಜಾ" ಎಂದ. ಒಳಗೆ ಕಿರುಚುತ್ತಿದ್ದ ಕೂಸು ಗಪ್ಪನೆ ನಿಂತಿತು. ಅವನು ಸುಮ್ಮನಾದ, ಕೂಸು ಮತ್ತೆ ಶುರು ಮಾಡಿತು. ಮತ್ತೆ "ಟ್ಲಕ್" ಎಂದ, ಮತ್ತೆ ನಿಂತಿತು. ಅಂದಿನಿಂದ ಆ ಮನೆಯಲ್ಲಿ ಸಂಜೆಯಾದರೆ ಗಂಡ, ಹೆಂಡತಿ, ಮುದುಕಿ ಮೂವರೂ ಸರದಿಯಂತೆ ತೊಟ್ಟಿಲಿನ ಮುಂದೆ ಕುಳಿತು ಎತ್ತು ಹೊಡೆಯುವ ಸದ್ದು ಮಾಡುವುದು ನಡೆಯಿತು. ದಾರಿಯಲ್ಲಿ ಹೋಗುವವರು, "ಸತ್ತೆಪ್ಪ ಮನ್ಯಾಗ ಚಕ್ಕಡಿ ಹೊಡ್ಯಾಕತ್ತಾನೇನ?" ಎಂದು ನಗುತ್ತಿದ್ದರು. ಸತ್ತೆಪ್ಪ ಹೆಮ್ಮೆಯಿಂದ "ನನ್ನ ಮಗ..." ಎಂದು ಬಾಯಿ ತೆರೆಯುತ್ತಿದ್ದ, ಮುದಕವ್ವ ತೋಳು ಚಿವುಟುತ್ತಿದ್ದಳು, ಅವನು "ನಮ್ಮ ಬಾಜೂ ಮನೀ ಕೂಸು ಅಗದೀ ಶಾಣ್ಯಾ ಐತಿ" ಎಂದು ಮುಗಿಸುತ್ತಿದ್ದ.

ಗೌರಕ್ಕನನ್ನು ಚಿವುಟುವ ಪ್ರಸಂಗವೇ ಬರುತ್ತಿರಲಿಲ್ಲ. ಅವಳು ಬೈಯುವುದನ್ನು ಕಲಿತಿದ್ದಳು. ಕೂಸು ಮೊದಲ ಸಲ ನಕ್ಕ ದಿನ, ಹಲ್ಲಿಲ್ಲದ ಬಾಯಿ ಅಗಲಿಸಿ ಅವಳನ್ನೇ ನೋಡಿ ನಕ್ಕಾಗ, ಅವಳ ಗಂಟಲಿಗೆ ಬಂದದ್ದು 'ನನ್ನ ಬಂಗಾರ'. ಅದನ್ನು ನುಂಗಿಕೊಂಡು "ಏ ಕಾಗಿ ಮಾರ್ಯಾ" ಎಂದಳು. ಆಮೇಲೆ ಅದೇ ರೂಢಿಯಾಯಿತು. ಕೂಸಿನ ಕಾಲಿಗೆ ಮುಖ ಒತ್ತಿ "ತೂತ ಬಿದ್ದ ಗಡಿಗಿ" ಎನ್ನುತ್ತಿದ್ದಳು. ಕತ್ತಿನ ಮಡಿಕೆಯ ಹಾಲಿನ ಕಮಟು ಮೂಸುತ್ತ "ಸುಟ್ಟ ಬದನಿಕಾಯಿ, ಹರಕ ಚೀಲಾ, ಊರ ಹಾಳ" ಎನ್ನುತ್ತಿದ್ದಳು. ಕೇಳಿದವರಿಗೆ ಬೈಗುಳ, ಅವಳ ದನಿ ಕೇಳಿದ ಕೂಸಿಗೆ ಮಾತ್ರ ಅದು ಬೈಗುಳವಲ್ಲ. ಕಾಲು ಬಡಿದು ಕೇಕೆ ಹಾಕುತ್ತಿತ್ತು. ಪಾಪ, ಲೋಕದ ಎಲ್ಲ ಮುದ್ದನ್ನೂ ಬೈಗುಳದೊಳಗೆ ತುಂಬಬೇಕಾದ ಕಷ್ಟ ಆ ಹೆಂಗಸಿನದು.

ಕಾಶೆವ್ವ ಬಂದಾಗ ಮಾತ್ರ ಅವಳಿಗೆ ತಡೆಯಲು ಆಗುತ್ತಿರಲಿಲ್ಲ. ಕೊಂಡವಳು ಕೊಂಡ ಹಾಗೆಯೇ ನಡೆದುಕೊಳ್ಳಬೇಕಲ್ಲ. ದಿನಕ್ಕೊಮ್ಮೆ ಬಾಳವ್ವನನ್ನು ಸೊಂಟಕ್ಕೇರಿಸಿಕೊಂಡು ಬರುತ್ತಿದ್ದಳು. "ಎಲ್ಲಿ ನನ್ನ ಕೂಸು? ಯಾಕ ನನ್ನ ಕೂಸಿನ ಕುಲಾಯಿ ಸಡ್ಲ ಕಟ್ಟೀರಿ? ನನ್ನ ಮಗಾ ಸೊರಗ್ಯಾನ, ಹಾಲ ಸಾಲೂದಿಲ್ಲೇನ ಗೌರಾ?" ಎನ್ನುತ್ತಿದ್ದಳು. ಅವಳ ಮನಸ್ಸಿನಲ್ಲಿ ಎಳ್ಳಷ್ಟೂ ಕೆಟ್ಟದ್ದಿರಲಿಲ್ಲ. ಬಾಗಿಲಲ್ಲೇ ನಿಂತಿರಬಹುದಾದ ಸಟವಿಗೆ ಕೇಳಲಿ ಎಂದು ಗಟ್ಟಿಯಾಗಿ ಹೇಳುತ್ತಿದ್ದಳು ಅಷ್ಟೆ. ಅಷ್ಟು ಸಲೀಸಾಗಿ ಅವಳ ಬಾಯಿಂದ 'ನನ್ನ ಮಗಾ' ಎಂಬ ಮಾತು ಬರುವುದನ್ನು ಕೇಳಿದಾಗ ಗೌರಕ್ಕ ಕೂಸಿನ ತಲೆಯ ಕುಲಾಯಿಯನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟುತ್ತಿದ್ದಳು. ಅವಳಿಗೆ ಹೊಟ್ಟೆಕಿಚ್ಚು. ಹೊಟ್ಟೆಕಿಚ್ಚಿಗೆ ನಾಚಿಕೆ. ನಾಚಿಕೆಗೆ ಅಳು.

ಚಳಿಗಾಲ ಬಂತು. ಕಾಡಪ್ಪನಿಗೆ ಐದು ತಿಂಗಳಾಗಿ, ಮಗ್ಗುಲು ಹೊರಳಿ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಒಯ್ಯುತ್ತಿದ್ದ. ಆಗ ಊರಿಗೆ ದೇವಿ ಹಾಕುವ ಡಾಕ್ಟರು ಬಂದರು. ಸಿಡುಬು ಬಾರದಂತೆ ಎಳೆಕೂಸುಗಳ ತೋಳು ಗೀರಿ ಮದ್ದು ಹಾಕುವುದು ಅವರ ಕೆಲಸ. ಕೂಸಿದ್ದವರೆಲ್ಲ ಚಾವಡಿಗೆ ಬರಬೇಕೆಂದು ಊರಲ್ಲಿ ಸಾರಿದರು. ಮುದಕವ್ವ, ಗೌರಕ್ಕ, ಕಾಶೆವ್ವ ಮೂವರೂ ಹೋದರು. ದಾರಿಯಲ್ಲೇ ಮುದಕವ್ವ ಕೂಸನ್ನು ಕಾಶೆವ್ವನ ಕೈಗೆ ದಾಟಿಸಿದ್ದಳು. ಸರಕಾರದವರ ಮುಂದೆ ಒಂದು, ದೇವರ ಮುಂದೆ ಇನ್ನೊಂದು ಹೇಳಿದರೆ ಸಿಕ್ಕಿಬೀಳುತ್ತೇವೆ ಎಂಬುದು ಅವಳ ಅಂಜಿಕೆ.

ಕಾಶೆವ್ವ ಒಂದು ತೊಡೆಯ ಮೇಲೆ ಬಾಳವ್ವನನ್ನೂ ಇನ್ನೊಂದರ ಮೇಲೆ ಕಾಡಪ್ಪನನ್ನೂ ಕೂರಿಸಿಕೊಂಡು ಡಾಕ್ಟರ ಮುಂದೆ ಕುಳಿತಳು.

"ಹುಡುಗಿಗೆ ಎಷ್ಟ ತಿಂಗಳ, ತಾಯಿ?" ಎಂದರು ಡಾಕ್ಟರು.

"ಎಂಟ ಆದೂರಿ."

"ಹುಡುಗಗ?"

"ಐದ್ರಿ."

"ಎರಡೂ ನಿಮ್ಮವ?"

"ಹೂನ್ರಿ. ನನ್ನವ."

ಡಾಕ್ಟರು ಚಷ್ಮಾ ತೆಗೆದು ಅವಳನ್ನು ನೋಡಿದರು. "ಮೂರ ತಿಂಗಳಿಗೊಂದ ಹಡೀತೀರೇನ ನೀವು?"

"ಛೇ ಛೇ, ಹುಡುಗೀನ್ನ ಹಡದೇನ್ರಿ. ಹುಡುಗನ್ನ ಕೊಂಡೇನಿ."

"ಕೊಂಡೀರಿ? ಎಲ್ಲಿ ಕೊಂಡೀರಿ?"

"ಇವರ ಹಿತ್ತಲದಾಗ್ರಿ, ತಿಪ್ಪಿ ಬಾಜೂಕ."

ಚಾವಡಿಗೆ ಚಾವಡಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗಂಡಸರು ನಕ್ಕರು, ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಪರಸ್ಥಳದ ಡಾಕ್ಟರಿಗೆ ಇವರೆಲ್ಲ ಸೇರಿ ತನ್ನನ್ನೇ ಗೇಲಿ ಮಾಡುತ್ತಿದ್ದಾರೆ ಎನಿಸಿ ಮುಖ ಕೆಂಪಾಯಿತು. "ಯಾರದರೆ ಆಗಲಿ, ಗಟ್ಟಿ ಹಿಡೀರಿ" ಎಂದು ಕಾಡಪ್ಪನ ತೋಳನ್ನು ಎಳೆದುಕೊಂಡು ಗೀರಿದರು.

ಕಾಡಪ್ಪನ ಕೂಗು ನಗೆಯನ್ನೆಲ್ಲ ಮುಚ್ಚಿಹಾಕಿತು. ಅವನು ಕಾಶೆವ್ವನ ಎದೆಗೆ ಒದ್ದು, ಬೆನ್ನು ಬಿಲ್ಲು ಮಾಡಿ, ಆಚೆ ಕಂಬದ ಹತ್ತಿರ ನಿಂತಿದ್ದ ಗೌರಕ್ಕನ ಕಡೆಗೆ ಎರಡೂ ಕೈ ಚಾಚಿದ. ಗೌರಕ್ಕನ ಕುಪ್ಪಸ ಹಾಲಿನಿಂದ ತೊಯ್ದುಹೋಯಿತು. ಕಾಲುಗಳು ತಮ್ಮಷ್ಟಕ್ಕೆ ಓಡಿದವು, ಬಾಯಿ ತನ್ನಷ್ಟಕ್ಕೆ ತೆರೆಯಿತು.

"ನನ್ನ ಕೂಸ್ರೀ ಅದು! ನನ್ನ ಮಗಾರೀ! ನನಗ ಕೊಡ್ರಿ!"

ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ಹೆಂಗಸರಿಗೆಲ್ಲ ಅರ್ಥವಾಯಿತು. ಕಾಶೆವ್ವ ಕೂಸನ್ನು ಕೊಟ್ಟಳು. ಮುದಕವ್ವ ಸೊಸೆಯ ಮುಖ ನೋಡದೆ ಎದ್ದು ಮನೆಯ ದಾರಿ ಹಿಡಿದಳು. "ವಾರದಾಗ ತೋಳ ಬಾಯ್ತೈತಿ, ಜ್ವರಾ ಬರ್ತಾವು, ಅಂಜಬ್ಯಾಡ್ರಿ" ಎಂದು ಡಾಕ್ಟರು ಹಿಂದಿನಿಂದ ಕೂಗಿ ಹೇಳಿದ್ದು ಗೌರಕ್ಕನ ಕಿವಿಗೆ ಬಿತ್ತೋ ಇಲ್ಲವೋ.

ಮನೆಯಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಮುದಕವ್ವ ಜೋಳ ಹಸನು ಮಾಡುತ್ತ ಕುಳಿತಳು, ಸತ್ತೆಪ್ಪ ಎತ್ತಿಗೆ ಮೇವು ಹಾಕಿದ. ಆಡಿದ ಮಾತನ್ನು ಹೇಗಾದರೂ ಅಳಿಸಬೇಕೆಂದು ಗೌರಕ್ಕ ಮರುದಿನ ಕಾಶೆವ್ವನ ಮನೆಗೆ ಓಡಿದಳು.

"ಅಕ್ಕಾರ, ಇನ್ನೊಮ್ಮೆ ಕೊಂಡ್ಕೋರಿ. ಕಾಲ ಬೀಳ್ತೀನಿ."

ಕಾಶೆವ್ವ ನಕ್ಕು ಅವಳ ಗಲ್ಲ ಹಿಡಿದಳು. "ಹುಚ್ಚಿ, ಒಮ್ಮೆ ಕೊಂಡಿದ್ದನ್ನ ಮತ್ತ ಹೆಂಗ ಕೊಳ್ಳಲಿ? ಅದು ನಂದ ಐತಿ, ನೀ ಏನರೆ ಅನ್ನು." ಆದರೆ ನಗುವಾಗ ಅವಳ ಕಣ್ಣು ಬೇರೆ ಕಡೆಗಿತ್ತು. ಗೌರಕ್ಕ ಅದನ್ನು ನೋಡಿಕೊಂಡೇ ಮರಳಿದಳು.

ಒಂದು ವಾರ ಅವಳು ಕೂಸನ್ನು ಬೈದ ಹಾಗೆ ಯಾವ ತಾಯಿಯೂ ಬೈದಿರಲಾರಳು. ದನಿಯಲ್ಲಿದ್ದ ಮುದ್ದೂ ಹೋಯಿತು. ಹಾಲು ಕುಡಿಸುವಾಗ ಮುಖ ಆಚೆ ತಿರುಗಿಸುತ್ತಿದ್ದಳು. ಕೂಸು ಸೆರಗು ಹಿಡಿದು ಎಳೆದರೆ ಬಿಡಿಸಿಕೊಳ್ಳುತ್ತಿದ್ದಳು. ವಾರ ತುಂಬುವ ಹೊತ್ತಿಗೆ ತೋಳಿನ ಗೀರು ಕೆಂಪಗೆ ಉಬ್ಬಿ ಕೀವು ತುಂಬಿತು. ಮರುದಿನ ಬೆಳಿಗ್ಗೆ ಮುಟ್ಟಿದರೆ ಮೈ ಹೆಂಚಿನ ಹಾಗೆ ಸುಡುತ್ತಿತ್ತು.

ಓದುವವರ ಜೀವ ಕೈಯಲ್ಲಿ ಹಿಡಿಸುವುದು ಬೇಡ, ಈಗಲೇ ಹೇಳಿಬಿಡುವುದು ಒಳ್ಳೆಯದು. ಅದು ದೇವಿ ಹಾಕಿದ ಯಾವ ಕೂಸಿಗೂ ಬರುವ ಜ್ವರ. ಬಾಳವ್ವನಿಗೂ ಬಂದಿತ್ತು. ಮೂರನೆಯ ದಿನಕ್ಕೆ ತಾನಾಗಿಯೇ ಇಳಿಯಿತು. ಆದರೆ ಅಂದು ಬೆಳಿಗ್ಗೆ ಗೌರಕ್ಕನಿಗೆ ಇದಾವುದೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ. ತಾನು ಅಂದೆ, ಇದೂ ಹೋಗುತ್ತದೆ.

ಅವಳು ಅಳಲಿಲ್ಲ. ಕೂಸನ್ನು ಕೌದಿಯಲ್ಲಿ ಸುತ್ತಿ ಒಯ್ದು ಕಾಶೆವ್ವನ ತೊಡೆಗೆ ಹಾಕಿದಳು. "ನಿಮ್ಮದು ನಿಮ್ಮ ಹಂತ್ಯಾಕ ಇರಲ್ರಿ ಅಕ್ಕಾರ. ನಾ ಇ‍ನ್ನ ಮುಟ್ಟೂದಿಲ್ಲ" ಎಂದವಳೇ ಹಿತ್ತಲಿಗೆ ಬಂದು, ದನದ ಕೊಟ್ಟಿಗೆಯಲ್ಲಿ ಮೇವಿನ ಪಕ್ಕ ಮೊಣಕಾಲಿಗೆ ತಲೆ ಕೊಟ್ಟು ಕುಳಿತಳು. ಎತ್ತುಗಳಿರಲಿಲ್ಲ, ಸತ್ತೆಪ್ಪ ಬಾಗೇವಾಡಿಗೆ ಹೋಗಿದ್ದ. ಗೋಡೆಯ ಆಚೆಯಿಂದ ಕೂಸಿನ ಅಳು ಕೇಳುತ್ತಿತ್ತು. ಕಾಶೆವ್ವ ಮೊಲೆ ಕೊಟ್ಟಳು, ಅದು ಬಾಯಿ ಹಚ್ಚಲಿಲ್ಲ. ಟ್ಲಕ್ ಟ್ಲಕ್ ಎಂದಳು, ಅದಕ್ಕೂ ನಿಲ್ಲಲಿಲ್ಲ. ಗೌರಕ್ಕನ ಎದೆ ಗಟ್ಟಿಯಾಗಿ ನೋಯುತ್ತಿತ್ತು. ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

ಬಿಸಿಲು ಕೊಟ್ಟಿಗೆಯೊಳಗೆ ಬರುವ ಹೊತ್ತಿಗೆ ಮುದಕವ್ವ ಬಂದಳು.

"ಗೌರಾ, ಕೂಸ ಯಾರ ಮೊಲೀನೂ ಹಿಡ್ಯಾಕ ಒಲ್ಲದು. ಬಾ."

"ನಾ ಬರೂದಿಲ್ರಿ ಅತ್ತ್ಯಾರ. ನಾ ಮುಟ್ಟಿದ್ರ ಅದು ಉಳಿಯೂದಿಲ್ಲ. ಊರ ಮುಂದ ಅಂದಬಿಟ್ಟೇನಿ."

ಮುದಕವ್ವ ಸೊಂಟ ಹಿಡಿದುಕೊಂಡು ಮೆಲ್ಲಗೆ ಸೊಸೆಯ ಪಕ್ಕದಲ್ಲಿ ಮೇವಿನ ಮೇಲೆ ಕುಳಿತಳು. ಅತ್ತೆ ಸೊಸೆಗೆ ಸರಿಸಮನಾಗಿ ಕುಳಿತದ್ದು ಆ ಮನೆಯಲ್ಲಿ ಅದೇ ಮೊದಲು.

"ನೀ ಒಮ್ಮೆ ಅಂದಿ," ಎಂದಳು. "ನಾ ದಿನಾ ಅಂದೇನಿ."

ಗೌರಕ್ಕ ತಲೆ ಎತ್ತಿದಳು.

"ಎರಿಯೂವಾಗ ಬಚ್ಚಲ ಬಾಗಲಾ ಹಾಕ್ಕೊಂತಿದ್ನೆಲ್ಲ, ಗಾಳಿಗೆ ಅಂತ ತಿಳದೀ ಏನ? ಕಾಲ ಮ್ಯಾಲ ಮಲಗಿಸ್ಕೊಂಡು ಅದರ ಕಿವ್ಯಾಗ ನಮ್ಮದು, ನಮ್ಮ ಮನೀದು, ನಮ್ಮ ರಾಜಾ ಅಂತಿದ್ದೆ. ಹುಟ್ಟಿದ ಮರುದಿನದಿಂದ ಒಂದ ದಿನಾನೂ ಬಿಟ್ಟಿಲ್ಲ. ಆ ಮಾತಿಗೆ ಸಾಯೂ ಹಂಗಿದ್ರ ಅದು ಎಂದೋ ಸಾಯ್ತಿತ್ತು."

ಮುದಕವ್ವ ಒಂದು ಕಡ್ಡಿ ಎತ್ತಿಕೊಂಡು ನೆಲ ಗೀರುತ್ತ ಮುಂದುವರಿಸಿದಳು.

"ನಾನೂ ಹಡದೇನಿ ಯವ್ವಾ. ನಂದು ಅಂದವೂ ಹೋದೂ, ಅನ್ನದವೂ ಹೋದೂ. ಕಡೀಕ ಸತ್ತೆಪ್ಪ ಹುಟ್ಟಿದ. ಅಂಜಿ ಅವಗ ಒಮ್ಮೆನೂ ನನ್ನ ಮಗಾ ಅನ್ನಲಿಲ್ಲ. ಉಳದ. ದೊಡ್ಡಾವ ಆದ, ಮೀಸಿ ಬಂದೂ. ಇನ್ನರೆ ಅನ್ನೂಣು ಅಂದ್ರ ಬಾಯಿಗೆ ಬರೂದಿಲ್ಲ. ಹಿಂಗ ನಾಲಿಗಿ ತುದೀಗೆ ಬಂದು ನಿಂತಬಿಡ್ತೈತಿ. ಅವನೂ ನನ್ನ ಹಂತ್ಯಾಕ ಬಂದ ಕುಂದ್ರೂದಿಲ್ಲ, ಎತ್ತಿನ ಹಂತ್ಯಾಕ ಕುಂದ್ರತಾನ. ನಿನಗ ಹಂಗ ಆಗೂದು ಬ್ಯಾಡ."

ಗೋಡೆಯ ಆಚೆ ಕೂಸಿನ ದನಿ ಅತ್ತು ಅತ್ತು ಒಡೆದಿತ್ತು.

"ಅವತ್ತ ನೀ ತಿಂದಿ ಅಂದ್ನೆಲ್ಲ," ಎಂದಳು ಮುದಕವ್ವ. ಅವಳ ಕೈಯಲ್ಲಿದ್ದ ಕಡ್ಡಿ ಮುರಿಯಿತು. "ನೀ ತಿನ್ನಲಿಲ್ಲವಾ. ದುಃಖಾ ತಡಕೊಳ್ಳಾಕ ಆಗ್ಲಿಲ್ಲ. ಯಾರ ಮ್ಯಾಲ ಸಿಟ್ಟ ಮಾಡಬೇಕು ತಿಳೀಲಿಲ್ಲ, ಎದುರಿಗೆ ನೀ ಇದ್ದಿ. ಇಷ್ಟ ದಿನಾ ಅದನ್ನ ಹೊತ್ಕೊಂಡ ಅಡ್ಡಾಡಿಯಲ್ಲ ನೀ, ನನಗ ಕಾಣತಿತ್ತು. ಕಂಡೂ ಸುಮ್ಮಿದ್ದೆ."

ಗೌರಕ್ಕನಿಗೆ ಆಗ ಅಳು ಬಂತು. ಮೊದಲ ಕೂಸು ಹೋದಂದಿನಿಂದ ತಡೆದಿಟ್ಟದ್ದೆಲ್ಲ ಬಂತು. ಅತ್ತೆಯ ಮಡಿಲಿನಲ್ಲಿ ಮುಖವಿಟ್ಟು ಅತ್ತಳು. ಮುದಕವ್ವ ಅವಳ ತಲೆಗೂದಲಲ್ಲಿ ಸಿಕ್ಕಿದ್ದ ಮೇವಿನ ಎಸಳನ್ನು ಒಂದೊಂದಾಗಿ ತೆಗೆದಳು. ಆಮೇಲೆ ಅವಳ ಭುಜ ಹಿಡಿದು ಎತ್ತಿದಳು.

"ಸಾಕು, ಏಳು. ನಿನ್ನ ಕೂಸ ಅಳಾಕತ್ತೈತಿ."

ಹಿತ್ತಲು ಸುತ್ತಿ ಬಾಗಿಲಿನಿಂದ ಹೋಗುವಷ್ಟು ಪುರುಸೊತ್ತು ಗೌರಕ್ಕನಿಗಿರಲಿಲ್ಲ. ಸೀರೆ ಮೇಲಕ್ಕೆ ಸಿಕ್ಕಿಸಿ ಗೋಡೆ ಹತ್ತಿ ಹಾರಿದಳು, ಮೊಣಕೈ ತರಚಿದ್ದು ಗೊತ್ತಾಗಲಿಲ್ಲ. ಕಾಶೆವ್ವನ ತೊಡೆಯಿಂದ ಕೂಸನ್ನು ಎರಡೂ ಕೈಯಲ್ಲಿ ಬಾಚಿ ಎದೆಗೆ ಹಚ್ಚಿಕೊಂಡಳು. ಕಾದ ಬಾಯಿ ಹಾಲಿಗೆ ಹತ್ತಿತು, ಅಳು ನಿಂತಿತು.

"ನಂದ್ರೀ ಇದು," ಎಂದಳು ಗೌರಕ್ಕ.